ಆ್ಯಪ್ ವಿನ್ಯಾಸದ ಪ್ರತಿ ಸುತ್ತಿನಲ್ಲೂ ಹೊಸ ಯೋಚನೆ: ಪದೇ ಪದೇ ಕೇಳುವ ಪ್ರಶ್ನೆಗಳು

ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಕಡೆ ಮೂರು–ನಾಲ್ಕು ಜನ ಸೇರಿ ಆ್ಯಪ್ ಕಟ್ಟುತ್ತಿರುವವರಿಗೆ, ಎಂಜಿನಿಯರಿಂಗ್ ಕೊನೆಯ ವರ್ಷದ ಪ್ರಾಜೆಕ್ಟ್ ಹಿಡಿದಿರುವವರಿಗೆ ಈ ಪ್ರಶ್ನೋತ್ತರ. ಬರೀ ತತ್ವ ಹೇಳಿದರೆ ಕೈಗೆ ಹತ್ತುವುದಿಲ್ಲ. ಅದಕ್ಕೆ ಉದ್ದಕ್ಕೂ ಒಂದೇ ಉದಾಹರಣೆ ಇಟ್ಟುಕೊಂಡಿದ್ದೇವೆ: ಕೋಲಾರದ ಎಪಿಎಂಸಿ ಮಾರುಕಟ್ಟೆಗೆ ಟೊಮೆಟೊ ಕಳಿಸುವ ರೈತನಿಗೆ ಹರಾಜಿನ ಪಟ್ಟಿಯನ್ನು (ಮಾರಿದ ಮೊತ್ತ, ಅದರಲ್ಲಿ ಕಳೆದದ್ದು, ಕೈಗೆ ಬರುವುದು ಬರೆದ ಚೀಟಿ) ಮೊಬೈಲಿನಲ್ಲೇ ತೋರಿಸುವ ಆ್ಯಪ್. ಅಲ್ಲಿನ ಲೆಕ್ಕ 15 ಕೆ.ಜಿ. ಬಾಕ್ಸಿನದು. ಸುಲಭಕ್ಕೆ ಹೀಗೆ ಅಂದುಕೊಳ್ಳಿ: 60 ಬಾಕ್ಸ್, ಬಾಕ್ಸಿಗೆ 320 ರೂಪಾಯಿ, ಒಟ್ಟು 19,200. ಲಾರಿ ಬಾಡಿಗೆ 900, ಇಳಿಸಿದ ಕೂಲಿ 300, ಮೊದಲೇ ತೆಗೆದುಕೊಂಡ ಮುಂಗಡ 5,000. ಕೈಗೆ ಬರುವುದು 13,000.

ಸುತ್ತು ಸುತ್ತಾಗಿ ವಿನ್ಯಾಸ ಮಾಡುವುದು ಅಂದರೇನು? ಒಂದು ಸುತ್ತಿನಲ್ಲಿ ಏನೇನು ಇರಬೇಕು?

ಒಂದು ಪ್ರಶ್ನೆ, ಅದಕ್ಕೆ ಹಲವು ಉತ್ತರ, ಅದರಲ್ಲಿ ಒಂದೆರಡಕ್ಕೆ ಮಾದರಿ, ಆ ಮಾದರಿಯನ್ನು ಬಳಸುವವರ ಕೈಗೆ ಕೊಟ್ಟು ನೋಡುವುದು, ನೋಡಿದ್ದರ ಮೇಲೆ ತೀರ್ಮಾನ. ಇಷ್ಟಾದರೆ ಒಂದು ಸುತ್ತು. ವಾರದ ಲೆಕ್ಕದಲ್ಲಿ ಸೋಮವಾರ ಪ್ರಶ್ನೆ ಬರೆಯಿರಿ, ಮಂಗಳವಾರ ಒಂದೂವರೆ ಗಂಟೆ ಐಡಿಯಾಗಳಿಗೆ ಕೊಡಿ, ಬುಧವಾರ–ಗುರುವಾರ ಮಾದರಿ ಮಾಡಿ, ಶುಕ್ರವಾರ ಐದು ಜನರಿಗೆ ತೋರಿಸಿ, ಶನಿವಾರ ಬೆಳಿಗ್ಗೆ ಒಂದು ಗಂಟೆಯೊಳಗೆ ತೀರ್ಮಾನ ಬರೆದಿಡಿ.

ಸಾಮಾನ್ಯವಾಗಿ ಆಗುವ ತಪ್ಪು ಏನೆಂದರೆ, ಸೃಜನಶೀಲತೆಯೆಲ್ಲ ಮೊದಲನೇ ವಾರಕ್ಕೇ ಮುಗಿದುಹೋಗುತ್ತದೆ. ಆಮೇಲೆ ಮೂರು ತಿಂಗಳು ಬರೀ ಬಣ್ಣ, ಬಟನ್, ಬಗ್. ಎರಡನೇ ಸುತ್ತಿನ ಪರೀಕ್ಷೆಯಲ್ಲಿ ರೈತ ಎಲ್ಲೋ ತಡವರಿಸಿದರೆ ಆ ಬಟನ್ನನ್ನು ದೊಡ್ಡದು ಮಾಡಿ ಕೈ ತೊಳೆದುಕೊಳ್ಳುತ್ತಾರೆ. ಆ ಪರದೆಯೇ ಬೇಕಾ ಎಂದು ಕೇಳುವುದಿಲ್ಲ. ನಮ್ಮ ಮಾತು ಇಷ್ಟೇ: ಪ್ರತಿ ಸುತ್ತಿಗೂ ಒಂದೇ ಒಂದು ಪ್ರಶ್ನೆ ಇರಲಿ. ಯಾವ ವಿಧಾನ ಬಳಸಬೇಕು ಎನ್ನುವುದನ್ನು ಆ ಪ್ರಶ್ನೆಯೇ ಹೇಳಲಿ.

ಆ ಪ್ರಶ್ನೆ ಬರೆಯುವುದು ಹೇಗೆ?

'ಏನು ಮಾಡಿದರೆ ಹೀಗಾಗಬಹುದು?' ಎಂಬ ಧಾಟಿಯಲ್ಲಿ ಬರೆಯಿರಿ. 1970ರ ದಶಕದಲ್ಲಿ ಪ್ರಾಕ್ಟರ್ ಆ್ಯಂಡ್ ಗ್ಯಾಂಬಲ್ ಕಂಪನಿಯಲ್ಲಿದ್ದ ಮಿನ್ ಬಸದೂರ್ ಬೆಳೆಸಿದ ರೂಢಿ ಇದು. ಈಗ ಬಹಳಷ್ಟು ವಿನ್ಯಾಸ ತಂಡಗಳಲ್ಲಿ ಬಳಕೆಯಲ್ಲಿದೆ. ಕಷ್ಟ ಇರುವುದು ಅಳತೆಯಲ್ಲಿ. ಮೂರು ಪ್ರಶ್ನೆ ನೋಡಿ.

'ಏನು ಮಾಡಿದರೆ ಟೊಮೆಟೊ ರೈತರಿಗೆ ಅನುಕೂಲವಾಗಬಹುದು?' ಇದು ಕೆರೆಯಷ್ಟು ಅಗಲ. ಹತ್ತು ಜನ ಹತ್ತು ದಿಕ್ಕಿಗೆ ಹೋಗುತ್ತಾರೆ.

'ಪಟ್ಟಿಯ ಕೆಳಗೆ ಹಸಿರು ಬಟನ್ ಎಲ್ಲಿ ಇಡಬಹುದು?' ಇದರಲ್ಲಿ ಉತ್ತರ ಆಗಲೇ ಕೂತಿದೆ. ಯೋಚಿಸಲು ಏನೂ ಉಳಿದಿಲ್ಲ.

'ಏನು ಮಾಡಿದರೆ ಊರಲ್ಲೇ ಇರುವ ರೈತನಿಗೆ ತನ್ನ ಪಟ್ಟಿಯಲ್ಲಿ ಯಾವುದಕ್ಕೆ ಎಷ್ಟು ಕಳೆದಿದ್ದಾರೆ ಅಂತ ಇನ್ನೊಬ್ಬರನ್ನು ಕೇಳದೆ ಗೊತ್ತಾಗಬಹುದು?' ಇದು ಸರಿಯಾದ ಅಳತೆ. ಯಾರಿಗೆ, ಯಾವಾಗ, ಏನು ಗೊತ್ತಾಗಬೇಕು ಎನ್ನುವುದು ಖಚಿತ. ಹೇಗೆ ಎನ್ನುವುದು ಬಿಡುವಾಗಿದೆ.

ಪ್ರಶ್ನೆ ಬರೆದ ಮೇಲೆ ಎರಡೇ ನಿಮಿಷದಲ್ಲಿ ಐದು ಬೇರೆ ಬೇರೆ ಉತ್ತರ ಹೊಳೆಯುತ್ತವಾ ನೋಡಿ. ಒಂದೇ ಹೊಳೆದರೆ ಪ್ರಶ್ನೆ ಇಕ್ಕಟ್ಟಾಯಿತು. ಹೊಳೆದ ಐದಕ್ಕೂ ಒಂದಕ್ಕೊಂದು ಸಂಬಂಧವೇ ಇಲ್ಲದಿದ್ದರೆ ಅಗಲವಾಯಿತು.

ಎಲ್ಲರೂ ಸುತ್ತ ಕೂತು ಬ್ರೈನ್‌ಸ್ಟಾರ್ಮಿಂಗ್ ಮಾಡುತ್ತೇವೆ. ಆದರೂ ಹೊಸದೇನೂ ಬರುವುದಿಲ್ಲ. ಯಾಕೆ?

ಅಮೆರಿಕದ ಜಾಹೀರಾತು ಕ್ಷೇತ್ರದ ಅಲೆಕ್ಸ್ ಆಸ್ಬಾರ್ನ್ 1953ರಲ್ಲಿ ಇದರ ನಾಲ್ಕು ನಿಯಮಗಳನ್ನು ವಿವರಿಸಿದರು: ಟೀಕೆ ಬೇಡ, ಹುಚ್ಚು ಯೋಚನೆಗೂ ಜಾಗ ಇರಲಿ, ಸಂಖ್ಯೆ ಹೆಚ್ಚಲಿ, ಒಬ್ಬರದರ ಮೇಲೆ ಇನ್ನೊಬ್ಬರು ಕಟ್ಟಲಿ. ನಿಯಮಗಳು ಚೆನ್ನಾಗಿವೆ. ಆದರೆ 1958ರಲ್ಲಿ ಯೇಲ್ ವಿಶ್ವವಿದ್ಯಾಲಯದಲ್ಲಿ ನಡೆದ ಪ್ರಯೋಗದಲ್ಲಿ, ಒಬ್ಬೊಬ್ಬರೇ ಕೂತು ಬರೆದ ನಾಲ್ವರ ಐಡಿಯಾಗಳನ್ನು ಒಟ್ಟು ಸೇರಿಸಿದಾಗ ಅವು ಗುಂಪಾಗಿ ಕೂತ ನಾಲ್ವರಿಗಿಂತ ಹೆಚ್ಚಿದ್ದವು. 1987ರಲ್ಲಿ ಡೀಲ್ ಮತ್ತು ಸ್ಟ್ರೋಬ ಎಂಬ ಸಂಶೋಧಕರು ಇದರ ಮುಖ್ಯ ಕಾರಣ ತೋರಿಸಿಕೊಟ್ಟರು. ಒಂದು ಹೊತ್ತಿಗೆ ಒಬ್ಬರೇ ಮಾತಾಡಲು ಸಾಧ್ಯ. ಉಳಿದವರು ಸರದಿ ಕಾಯುತ್ತಾ ತಮಗೆ ಹೊಳೆದದ್ದನ್ನು ಮರೆಯುತ್ತಾರೆ, ಇಲ್ಲವೇ ಹೇಳುವುದೇ ಬೇಡ ಎಂದು ಸುಮ್ಮನಾಗುತ್ತಾರೆ.

ನಮ್ಮ ಕಡೆ ಇದಕ್ಕೆ ಇನ್ನೊಂದು ಸೇರುತ್ತದೆ. ಗೈಡ್ ಮೇಡಮ್ಮೋ ಕಂಪನಿಯ ಯಜಮಾನರೋ ಮೊದಲು ಬಾಯಿ ಬಿಟ್ಟರೆ, ಆಮೇಲೆ ಬರುವುದೆಲ್ಲ 'ಹೌದು ಸರ್, ಅದೇ ಸರಿ ಸರ್'. ಗೌರವ ಇರಬೇಕಾದ್ದೇ. ಆದರೆ ಐಡಿಯಾ ಹೊರಗೆ ಬರುವ ಅರ್ಧ ಗಂಟೆ ಮಾತು ನಿಲ್ಲಿಸಿ ಬರೆಯುವುದೇ ಇದಕ್ಕೆ ಮದ್ದು.

ಹಾಗಾದರೆ ಬರೆಯುವುದು ಹೇಗೆ?

6-3-5 ಎನ್ನುವ ವಿಧಾನ ಹಿಡಿಯಿರಿ. ಜರ್ಮನಿಯ ಬೆರ್ಂಡ್ ರೋರ್‌ಬಾಖ್ 1968ರಲ್ಲಿ ಪ್ರಕಟಿಸಿದ್ದು. ಆರು ಜನ, ತಲಾ ಮೂರು ಐಡಿಯಾ, ಐದು ನಿಮಿಷ. ಆಮೇಲೆ ಹಾಳೆ ಬಲಗಡೆಯವರ ಕೈಗೆ. ಅವರು ಮೇಲಿರುವುದನ್ನು ಓದಿ ಅದರ ಕೆಳಗೆ ತಮ್ಮ ಮೂರು ಬರೆಯುತ್ತಾರೆ. ಆರು ಸರದಿ ಮುಗಿದಾಗ ಅರ್ಧ ಗಂಟೆಯಲ್ಲಿ 108 ಐಡಿಯಾ. ನೀವು ನಾಲ್ಕೇ ಜನ ಇದ್ದರೆ 48. ಒಂದು ವಾರದ ಸುತ್ತಿಗೆ ಅದು ಧಾರಾಳ.

ಎ4 ಹಾಳೆಯಲ್ಲಿ ಮೂರು ಕಂಬ, ಜನ ಎಷ್ಟೋ ಅಷ್ಟು ಸಾಲು ಗೀಚಿಕೊಳ್ಳಿ. ತಲೆಯ ಮೇಲೆ ಆ ಸುತ್ತಿನ ಪ್ರಶ್ನೆಯನ್ನು ಪೂರ್ತಿ ಬರೆಯಿರಿ. ಮೊದಲ ಸರದಿಗೆ ಓದಲು ಏನೂ ಇರುವುದಿಲ್ಲವಾದ್ದರಿಂದ ನಾಲ್ಕು ನಿಮಿಷ ಸಾಕು, ಕೊನೆಯ ಸರದಿಗಳಿಗೆ ಆರು ಕೊಡಿ. ಎಲ್ಲಿ ಕೆಡುತ್ತದೆ ಅಂದರೆ, ಹಿಂದಿನವರದನ್ನು ಓದದೆ ಪ್ರತಿ ಹಾಳೆಯಲ್ಲೂ ತಮ್ಮ ಅದೇ ಮೂರನ್ನು ಬರೆದುಕೊಂಡು ಹೋಗುವವರಿಂದ. 'ಮೇಲಿನ ಯಾವುದಾದರೂ ಒಂದನ್ನು ಮುಂದುವರಿಸಿ, ಎರಡು ಹೊಸದು ಬರೆಯಿರಿ' ಎಂದು ಮೊದಲೇ ಹೇಳಿದರೆ ಸರಿಹೋಗುತ್ತದೆ. ಅಕ್ಷರ ಓದಲು ಬರುವಂತಿರಲಿ. ಕನ್ನಡ, ಇಂಗ್ಲಿಷ್, ತೆಲುಗು, ಯಾವುದರಲ್ಲಿ ಯೋಚನೆ ಬರುತ್ತದೋ ಅದರಲ್ಲೇ ಬರೆಯಲಿ. ಭಾಷೆ ತಿದ್ದಲು ಹೋದರೆ ಯೋಚನೆ ನಿಂತುಹೋಗುತ್ತದೆ.

ಎಂಟು ನಿಮಿಷದಲ್ಲಿ ಎಂಟು ಚಿತ್ರ ಬಿಡಿಸುವುದು ಅಂತಾರಲ್ಲ, ಅದು ಏನಕ್ಕೆ?

ಅದಕ್ಕೆ ಕ್ರೇಜಿ ಏಟ್ಸ್ ಎನ್ನುತ್ತಾರೆ. ಗೂಗಲ್ ವೆಂಚರ್ಸ್‌ನಲ್ಲಿ ಜೇಕ್ ನ್ಯಾಪ್ ರೂಪಿಸಿದ ಸ್ಪ್ರಿಂಟ್ (ಪ್ರಶ್ನೆಯಿಂದ ಪರೀಕ್ಷೆಯವರೆಗೆ ಐದೇ ದಿನದಲ್ಲಿ ಮುಗಿಸುವ ಸುತ್ತು) ಮೂಲಕ ಹೆಸರಾಯಿತು. ಎ4 ಹಾಳೆಯನ್ನು ಮೂರು ಸಲ ಅರ್ಧ ಮಡಚಿ ಬಿಚ್ಚಿದರೆ ಎಂಟು ಮನೆ ಸಿಗುತ್ತದೆ. ಮನೆಗೊಂದು ನಿಮಿಷ. ದಪ್ಪ ಸ್ಕೆಚ್ ಪೆನ್ ಕೊಡಿ. ತೆಳುವಾದ ಪೆನ್ ಕೈಯಲ್ಲಿದ್ದರೆ ಜನ ಅಂಚು ತಿದ್ದುತ್ತಾ ಕೂರುತ್ತಾರೆ.

ಹೆಚ್ಚಿನವರು ಇಲ್ಲಿ ಎಡವುವುದು ಒಂದೇ ಕಡೆ: ಆ್ಯಪ್‌ನ ಎಂಟು ಬೇರೆ ಪರದೆ ಬಿಡಿಸುತ್ತಾರೆ, ಲಾಗಿನ್, ಹೋಮ್, ಪ್ರೊಫೈಲ್ ಅಂತ. ಬೇಕಿರುವುದು ಒಂದೇ ಪರದೆಗೆ ಎಂಟು ದಾರಿ. ನಮ್ಮ ಪಟ್ಟಿಯ ಪರದೆಗೆ ಒಬ್ಬರ ಹಾಳೆ ಹೀಗಿರಬಹುದು.

ಮೊದಲ ಮನೆಯಲ್ಲಿ ಕಾಗದದ ಪಟ್ಟಿಯದೇ ನಕಲು, ನಾಲ್ಕು ಕಂಬದ ಕೋಷ್ಟಕ. ಎರಡರಲ್ಲಿ ಮೇಲೆ ದೊಡ್ಡದಾಗಿ 13,000, ಕೆಳಗೆ ಸಣ್ಣದಾಗಿ ಉಳಿದದ್ದು. ಮೂರರಲ್ಲಿ ಕೋಷ್ಟಕಕ್ಕೇ ಬಣ್ಣ. ಇಲ್ಲಿಗೆ ಎಲ್ಲರಿಗೂ ಗೊತ್ತಿದ್ದದ್ದು ಖಾಲಿ. ನಾಲ್ಕನೇ ನಿಮಿಷದಲ್ಲಿ ಕೈ ನಿಲ್ಲುತ್ತದೆ, ಅಲ್ಲಿಂದಲೇ ಹೊಸದು ಶುರು. ನಾಲ್ಕರಲ್ಲಿ ಸ್ಲೇಟಿನ ಮೇಲೆ ಬರೆದ ಕಳೆಯುವ ಲೆಕ್ಕ: 19,200, ಅದರ ಕೆಳಗೆ ಒಂದೊಂದಾಗಿ ಕಳೆಯುತ್ತಾ ಬಂದು ಗೆರೆ, ಗೆರೆ ಕೆಳಗೆ 13,000. ಐದರಲ್ಲಿ ಬಾಕ್ಸುಗಳದೇ ಚಿತ್ರ: 60 ಚೌಕ, ಬಾಡಿಗೆಗೆ ಹೋದದ್ದು ಹೆಚ್ಚುಕಡಿಮೆ ಮೂರು ಚೌಕ, ಕೂಲಿಗೆ ಒಂದು, ಮುಂಗಡಕ್ಕೆ ಹದಿನಾರು. ಆರರಲ್ಲಿ ಪಟ್ಟಿಯನ್ನು ಗಟ್ಟಿಯಾಗಿ ಓದಿ ಹೇಳುವ ಸ್ಪೀಕರ್ ಗುರುತು. ಏಳರಲ್ಲಿ ಹೋದ ವಾರದ್ದೂ ಇವತ್ತಿನದೂ ಅಕ್ಕಪಕ್ಕ. ಎಂಟರಲ್ಲಿ ಪರದೆಯೇ ಇಲ್ಲ, ವಾಟ್ಸಾಪಿಗೆ ಬರುವ ಐದು ಸಾಲಿನ ಸಂದೇಶ.

ನಾಲ್ಕನೆಯದನ್ನೂ ಎಂಟನೆಯದನ್ನೂ ಸೇರಿಸಿ ನೋಡಿ. ಶಾಲೆಯಲ್ಲಿ ಕಲಿತ ಕಳೆಯುವ ಲೆಕ್ಕ, ದಿನಾ ತೆರೆಯುವ ವಾಟ್ಸಾಪಿನಲ್ಲಿ. ರೈತ ಹೊಸದಾಗಿ ಕಲಿಯಬೇಕಾದ್ದೇ ಇಲ್ಲ. ಇಂಥದ್ದು ಮೊದಲ ಮೂರು ಮನೆಯಲ್ಲಿ ಸಿಗುವುದು ಅಪರೂಪ.

ಸ್ಕ್ಯಾಂಪರ್ ಯಾವಾಗ ಬಳಸಬೇಕು?

ಎರಡನೇ ಸುತ್ತಿನಿಂದ. ಇದು ಇರುವುದನ್ನು ಕೆದಕುವ ಸಾಧನ. ಕೈಯಲ್ಲಿ ಏನೂ ಇಲ್ಲದಾಗ ಕೆಲಸಕ್ಕೆ ಬರುವುದಿಲ್ಲ. ಆಸ್ಬಾರ್ನ್ ಬರೆದಿದ್ದ ಪ್ರಶ್ನೆಗಳ ಪಟ್ಟಿಯನ್ನು ಬಾಬ್ ಎಬರ್ಲಿ 1971ರಲ್ಲಿ ಏಳು ಕ್ರಿಯಾಪದಗಳಿಗೆ ಇಳಿಸಿದರು. ನಮ್ಮ ಮಾತಿನಲ್ಲಿ: ಬದಲಿಗೆ ಇಡು, ಕೂಡಿಸು, ಬೇರೆ ಕಡೆಯದನ್ನು ಹೊಂದಿಸಿಕೋ, ಹಿಗ್ಗಿಸು ಇಲ್ಲವೇ ಕುಗ್ಗಿಸು, ಬೇರೆ ಕೆಲಸಕ್ಕೆ ಹಚ್ಚು, ಕಿತ್ತುಹಾಕು, ತಿರುಗುಮುರುಗು ಮಾಡು.

ಏಳನ್ನೂ ಮುಗಿಸಲೇಬೇಕು ಎಂದು ಹೊರಟರೆ ಸುಸ್ತಾಗುತ್ತದೆ. ಪರೀಕ್ಷೆಯಲ್ಲಿ ಜನ ಎಲ್ಲಿ ನಿಂತರೋ ಆ ಜಾಗಕ್ಕೆ ಎರಡು ಮೂರು ಸಾಕು. ರೈತರು ಓಟಿಪಿ ಹಂತದಲ್ಲೇ ನಿಲ್ಲುತ್ತಿದ್ದಾರೆ ಅನ್ನಿ. ಕಿತ್ತುಹಾಕು: ಪಟ್ಟಿ ಅವರ ನಂಬರಿಗೇ ಹೋಗುವಾಗ ಬರೀ ನೋಡಲು ಲಾಗಿನ್ ಯಾಕೆ? ತಿರುಗುಮುರುಗು ಮಾಡು: ರೈತ ಆ್ಯಪ್ ತೆರೆದು ದರ ಹುಡುಕುವ ಬದಲು ಮಂಡಿಯಿಂದಲೇ ದರ ಅವನ ಹತ್ತಿರ ಬರಲಿ. ಬೇರೆ ಕಡೆಯದನ್ನು ಹೊಂದಿಸಿಕೋ: ಹಾಲಿನ ಡೇರಿ ಚೀಟಿಯಲ್ಲಿ ಲೀಟರ್, ಫ್ಯಾಟ್, ದರ, ಮೊತ್ತ ಒಂದೇ ಕ್ರಮದಲ್ಲಿ ಬರುತ್ತವೆ. ಡೇರಿಗೆ ಹಾಲು ಹಾಕುವ ಮನೆಗಳಿಗೆ ಆ ಕ್ರಮ ಬಾಯಿಪಾಠ. ಪಟ್ಟಿಯನ್ನೂ ಅದೇ ಓದಿನ ಕ್ರಮಕ್ಕೆ ತರಬಹುದಾ?

ಈ ಕೊನೆಯದಕ್ಕೆ ನಮ್ಮ ಸೀಮೆಯಲ್ಲಿ ಬರವಿಲ್ಲ. ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆ, ತಿಪಟೂರಿನ ಕೊಬ್ಬರಿ ಹರಾಜು, ಎರಡರಲ್ಲೂ ಮಾಲು, ದರ, ಹಣ ಎನ್ನುವ ಇದೇ ಸಮಸ್ಯೆಗೆ ಜನ ತಮ್ಮದೇ ಪರಿಹಾರ ಕಂಡುಕೊಂಡಿದ್ದಾರೆ. ವಿದೇಶಿ ಆ್ಯಪ್‌ಗಳ ಸ್ಕ್ರೀನ್‌ಶಾಟ್ ಕಲೆಹಾಕುವ ಮೊದಲು ಅಲ್ಲಿಗೆ ಅರ್ಧ ದಿನ ಹೋಗಿ ನಿಂತು ಬನ್ನಿ.

ತಲೆಯೇ ಓಡದೆ ನಿಂತುಬಿಟ್ಟರೆ?

ಪ್ರಶ್ನೆಯನ್ನು ತಲೆಕೆಳಗು ಮಾಡಿ. 'ಏನು ಮಾಡಿದರೆ ರೈತ ಈ ಆ್ಯಪ್ ಅಳಿಸಿಹಾಕುತ್ತಾನೆ?' ಹತ್ತು ನಿಮಿಷದಲ್ಲಿ ಇಪ್ಪತ್ತು ಉತ್ತರ ಬರುತ್ತವೆ: ತಪ್ಪು ದರ ತೋರಿಸು, ನೆಟ್‌ವರ್ಕ್ ಇಲ್ಲದಾಗ ಖಾಲಿ ಪರದೆ ತೋರಿಸು, ದಿನಕ್ಕೆ ಹತ್ತು ಸಲ ಟಿಣ್ ಅನ್ನಿಸು, ಕಳೆದದ್ದನ್ನೆಲ್ಲ 'ಇತರೆ' ಅಂತ ಒಂದೇ ಸಾಲಿಗೆ ತುಂಬು. ಈಗ ಒಂದೊಂದನ್ನೂ ತಿರುಗಿಸಿ. ಈ ಪಟ್ಟಿಯಲ್ಲಿ ಒಂದೆರಡನ್ನು ನಿಮ್ಮ ಆ್ಯಪ್ ಈಗಾಗಲೇ ಮಾಡುತ್ತಿರುವುದೂ ಕಣ್ಣಿಗೆ ಬೀಳುತ್ತದೆ.

ಐವತ್ತು ಐಡಿಯಾ ಬಂದವು. ಆರಿಸುವುದು ಹೇಗೆ?

ಹುಟ್ಟಿಸುವ ಹೊತ್ತು ಬೇರೆ, ಆರಿಸುವ ಹೊತ್ತು ಬೇರೆ. ನಡುವೆ ಕಾಫಿಗಾದರೂ ಎದ್ದು ಬನ್ನಿ. ಮೊದಲು ಒಂದೊಂದನ್ನೂ ಚೀಟಿಗೆ ಬರೆದು ಗೋಡೆಗೆ ಅಂಟಿಸಿ, ಮಾತಾಡದೆ ಒಂದೇ ಥರದವನ್ನು ಹತ್ತಿರ ತನ್ನಿ. ಜಪಾನಿನ ಮಾನವಶಾಸ್ತ್ರಜ್ಞ ಜಿರೊ ಕವಾಕಿತ ಕೊಟ್ಟ ಪದ್ಧತಿಯಿದು. ಗುಂಪಾದ ಮೇಲೆ ಹೆಸರಿಡಿ. ಹೆಸರು ಮೊದಲೇ ಇಟ್ಟರೆ ಚೀಟಿಗಳನ್ನು ಬಲವಂತವಾಗಿ ಅದರೊಳಗೆ ತುರುಕುತ್ತೀರಿ. ಆಮೇಲೆ ಇಷ್ಟವಾದ ಚೀಟಿಗಳ ಮೇಲೆ ಚುಕ್ಕಿ ಇಟ್ಟು ತಲಾ ಮೂರು ಮತ. ಹಿರಿಯರು ಕೊನೆಗೆ ಹಾಕಲಿ.

ಮತಕ್ಕೆ ಒಂದು ದೋಷವಿದೆ. ಯಾರಿಗೂ ಬೇಜಾರಾಗದ, ಯಾರಿಗೂ ಬಹಳ ಇಷ್ಟವೂ ಆಗದ ಐಡಿಯಾ ಗೆಲ್ಲುತ್ತದೆ. ಅದಕ್ಕೆ ಎರಡು ಆರಿಸಿ: ಹೆಚ್ಚು ಚುಕ್ಕಿ ಬಿದ್ದದ್ದು ಒಂದು, ಒಬ್ಬರೇ ಆದರೂ ಪಟ್ಟು ಹಿಡಿದದ್ದು ಒಂದು. ಎರಡು ಮಾದರಿ ಮುಂದಿಟ್ಟಾಗ ರೈತನಿಗೂ ಹೋಲಿಸಿ ಮಾತಾಡಲು ಸುಲಭ. ಒಂದೇ ಇಟ್ಟರೆ ಮನಸ್ಸು ನೋಯಿಸಬಾರದು ಅಂತ ಹೊಗಳಿ ಕಳಿಸುತ್ತಾರೆ.

ಆರು ಟೋಪಿ ವಿಧಾನ ಇಲ್ಲಿ ಬಳಸಬಹುದಾ?

ಬಳಸಬಹುದು, ಆ ಎರಡು ಐಡಿಯಾಗಳ ಮೇಲೆ ಜಗಳ ಹತ್ತಿದಾಗ. ಎಡ್ವರ್ಡ್ ಡಿ ಬೊನೊ 1985ರಲ್ಲಿ ಕೊಟ್ಟದ್ದು. ಬಿಳಿ ಟೋಪಿ ಮಾಹಿತಿಗೆ, ಹಳದಿ ಲಾಭಕ್ಕೆ, ಕಪ್ಪು ಅಪಾಯಕ್ಕೆ, ಹಸಿರು ಹೊಸ ದಾರಿಗೆ, ಕೆಂಪು ಮನಸ್ಸಿಗೆ ಅನ್ನಿಸಿದ್ದಕ್ಕೆ, ನೀಲಿ ಚರ್ಚೆ ನಡೆಸುವುದಕ್ಕೆ. ಕೆಂಪಿಗೆ ತಲಾ ಅರ್ಧ ನಿಮಿಷ, ಕಾರಣ ಕೊಡಬೇಕಿಲ್ಲ. ಉಳಿದವಕ್ಕೆ ಐದೈದು ನಿಮಿಷ. ಒಬ್ಬೊಬ್ಬರಿಗೆ ಒಂದೊಂದು ಟೋಪಿ ಹಂಚಬೇಡಿ. ಎಲ್ಲರೂ ಒಂದೇ ಹೊತ್ತಿಗೆ ಒಂದೇ ಟೋಪಿ ಹಾಕಬೇಕು. ಹಂಚಿದರೆ ಕಪ್ಪು ಟೋಪಿಯವನು ಎಲ್ಲರ ಶತ್ರುವಾಗುತ್ತಾನೆ.

ಮಾದರಿ ಎಷ್ಟು ನಯವಾಗಿರಬೇಕು?

ಪ್ರಶ್ನೆಗೆ ಉತ್ತರ ಸಿಗುವಷ್ಟು, ಅದಕ್ಕಿಂತ ಹೆಚ್ಚು ಬೇಡ. ಮೊದಲ ಸುತ್ತಿಗೆ ಕಾಗದ. ಮೊಬೈಲಿನ ಅಳತೆಗೆ ಕತ್ತರಿಸಿದ ಚೀಟಿಗಳನ್ನು ರೈತ ಬೆರಳಿಟ್ಟಂತೆ ನೀವು ಬದಲಿಸುತ್ತಾ ಹೋಗಿ. ಎರಡನೇ ಸುತ್ತಿಗೆ ಫಿಗ್ಮಾದಲ್ಲಿ (ಪರದೆ ವಿನ್ಯಾಸ ಮಾಡುವ ಸಾಫ್ಟ್‌ವೇರ್) ಒತ್ತಿದರೆ ಮುಂದೆ ಹೋಗುವ ಪರದೆ. ವಾಟ್ಸಾಪ್ ಸಂದೇಶದ ಐಡಿಯಾ ಆಗಿದ್ದರೆ ಕೋಡೇ ಬೇಡ. ಒಪ್ಪಿದ ಐದು ರೈತರಿಗೆ ಮೂರು ದಿನ ನೀವೇ ಕೈಯಾರೆ ಟೈಪ್ ಮಾಡಿ ಕಳಿಸಿ. ಯಂತ್ರ ಮಾಡುವ ಕೆಲಸವನ್ನು ಹಿಂದೆ ಕೂತ ಮನುಷ್ಯ ಮಾಡುವ ಈ ಉಪಾಯಕ್ಕೆ ವಿಜಾರ್ಡ್ ಆಫ್ ಆಜ್ ಎನ್ನುತ್ತಾರೆ. ಸಂದೇಶ ಓದಿದ ಮೇಲೂ ಮಂಡಿಗೆ ಫೋನ್ ಮಾಡಿ ಕೇಳುತ್ತಿದ್ದಾರಾ? ಹಾಗಿದ್ದರೆ ಏನೋ ಕೊರತೆಯಿದೆ. ಆರು ವಾರ ಕೋಡ್ ಬರೆದು ತಿಳಿಯುವುದನ್ನು ಮೂರು ದಿನದಲ್ಲಿ ತಿಳಿದಂತಾಯಿತು.

ಕನ್ನಡದ ಪರದೆಗೆ ಕೆಲವು ಎಚ್ಚರಿಕೆ. ಅಂಕಿಗಳು ನಿಜದಂತಿರಲಿ. 'ಮೊತ್ತ: 000' ಅಂತ ಇಟ್ಟರೆ ಯಾರೂ ಲೆಕ್ಕ ಪರೀಕ್ಷಿಸುವುದಿಲ್ಲ. 1,25,000 ಎಂದು ಲಕ್ಷದ ಕ್ರಮದಲ್ಲೇ ಅಲ್ಪವಿರಾಮ ಹಾಕಿ. ಇಂಗ್ಲಿಷಿಗೆ ಮಾಡಿದ ಬಟನ್ನಿನಲ್ಲಿ ಕನ್ನಡ ಇಟ್ಟರೆ ಕೆಳಗಿನ ಒತ್ತಕ್ಷರ ಕತ್ತರಿಸಿಹೋಗುತ್ತದೆ: 'ಮೊತ್ತ' ಹೋಗಿ 'ಮೊತ' ಆಗಿ ಕಾಣುತ್ತದೆ. ಸಾಲಿನ ಎತ್ತರವನ್ನು ಅಕ್ಷರದ ಅಳತೆಯ ಒಂದೂವರೆಯಷ್ಟಾದರೂ ಇಡಿ. ಆಂಡ್ರಾಯ್ಡ್‌ನಲ್ಲಿ ಒತ್ತುವ ಜಾಗ 48 ಡಿಪಿಗಿಂತ (ಡಿಪಿ ಅಂದರೆ ಆಂಡ್ರಾಯ್ಡ್ ಪರದೆಯ ಅಳತೆಯ ಮಾನ) ಕಡಿಮೆಯಾಗದಿರಲಿ. ಅಕ್ಷರಕ್ಕೂ ಹಿನ್ನೆಲೆಗೂ ಇರುವ ಬೆಳಕಿನ ವ್ಯತ್ಯಾಸ (ಕಾಂಟ್ರಾಸ್ಟ್) ಕನಿಷ್ಠ 4.5ಕ್ಕೆ 1 ಇರಬೇಕು. ತಿಳಿ ಬೂದು ಅಕ್ಷರ ಲ್ಯಾಪ್‌ಟಾಪಿನಲ್ಲಿ ಚೆಂದ, ತೋಟದ ಬಿಸಿಲಿನಲ್ಲಿ ಮಾಯ. ಪದಗಳೂ ಮಂಡಿಯವೇ ಇರಲಿ. 'ಕಡಿತಗಳ ವಿವರ' ಎನ್ನುವುದಕ್ಕಿಂತ 'ಕಳೆದದ್ದು', 'ನಿವ್ವಳ ಪಾವತಿ' ಎನ್ನುವುದಕ್ಕಿಂತ 'ಕೈಗೆ ಬರುವುದು'.

ಎಷ್ಟು ಜನರಿಗೆ ತೋರಿಸಬೇಕು? ಐದೇ ಸಾಕಾ?

ಒಂದೇ ಥರದ ಬಳಕೆದಾರರಾದರೆ ಒಂದು ಸುತ್ತಿಗೆ ಐದು ಸಾಕು. ಬಳಕೆಯ ಸುಲಭತೆಯ ತಜ್ಞ ಜೇಕಬ್ ನೀಲ್ಸನ್ 2000ದಲ್ಲಿ ಜನಪ್ರಿಯಗೊಳಿಸಿದ ಲೆಕ್ಕ ಇದು. ಒಬ್ಬ ಬಳಕೆದಾರನಿಂದ ಸರಾಸರಿ ಶೇ. 31ರಷ್ಟು ತೊಡಕು ಹೊರಬಿದ್ದರೆ ಐವರಿಂದ ಸುಮಾರು ಶೇ. 85 ಹೊರಬೀಳುತ್ತವೆ. ಆರನೆಯವರಿಂದ ಮುಂದೆ ಹಳೆಯದೇ ಮತ್ತೆ ಮತ್ತೆ ಬರುತ್ತದೆ. ಹದಿನೈದು ಜನ ಸಿಕ್ಕರೆ ಒಂದೇ ದಿನ ಮುಗಿಸಬೇಡಿ, ಮೂರು ಸುತ್ತಿಗೆ ಐದೈದು ಹಂಚಿ. ರೈತರು ಬೇರೆ, ಮಂಡಿಯಲ್ಲಿ ಪಟ್ಟಿ ಬರೆಯುವ ಗುಮಾಸ್ತರು ಬೇರೆ. ಇಬ್ಬರನ್ನೂ ಸೇರಿಸಿ ಐದು ಎಂದರೆ ಲೆಕ್ಕ ತಪ್ಪಿತು.

ಹರಾಜು ನಡೆಯುವಾಗ ಯಾರನ್ನೂ ಮಾತಿಗೆಳೆಯಬೇಡಿ. ಅದು ಅವರ ದುಡಿಮೆಯ ಹೊತ್ತು. ಪಟ್ಟಿ ಕೈಗೆ ಬಂದ ಮೇಲೆ ಟೀ ಅಂಗಡಿಯ ಬಳಿ ಹದಿನೈದು ನಿಮಿಷ ಕೇಳಿಕೊಳ್ಳಿ. ಶುರು ಮಾಡುವಾಗ ಹೀಗೆ ಹೇಳಿ: 'ಅಣ್ಣಾ, ನಾವು ನಿಮ್ಮನ್ನ ಪರೀಕ್ಷೆ ಮಾಡ್ತಿಲ್ಲ, ಈ ಆ್ಯಪ್‌ನ ಪರೀಕ್ಷೆ ಮಾಡ್ತಿದ್ದೀವಿ. ಎಲ್ಲಿ ಗೊತ್ತಾಗಲ್ವೋ ಅಲ್ಲಿ ತಪ್ಪು ನಮ್ಮದು. ಮನಸಲ್ಲಿ ಏನು ಬರುತ್ತೋ ಬಾಯಲ್ಲಿ ಹೇಳ್ತಾ ಹೋಗಿ.' ಕೋಲಾರ, ಚಿಕ್ಕಬಳ್ಳಾಪುರದಲ್ಲಿ ಮನೆಮಾತು ತೆಲುಗು ಇರುವವರು ಬಹಳ. ತಂಡದಲ್ಲಿ ತೆಲುಗು ಬರುವ ಒಬ್ಬರಿರಲಿ.

ತೋರಿಸಿದವರೆಲ್ಲ 'ಚೆನ್ನಾಗೈತೆ' ಅಂತಾರೆ. ನಂಬಬಹುದಾ?

ಅದು ಮರ್ಯಾದೆಯ ಮಾತು. 'ಹೇಗಿದೆ?' ಎಂದು ಕೇಳಬೇಡಿ, ಕೆಲಸ ಕೊಡಿ: 'ಈ ಪಟ್ಟಿ ನೋಡಿ, ಬಾಡಿಗೆಗೆ ಎಷ್ಟು ಹಿಡಿದಿದ್ದಾರೆ ಹೇಳಿ ಅಣ್ಣಾ.' ಉತ್ತರ ಸರಿಯಾ, ಎಷ್ಟು ಸೆಕೆಂಡ್ ಹಿಡಿಯಿತು, ಬೆರಳು ಮೊದಲು ಎಲ್ಲಿಗೆ ಹೋಯಿತು, ಮೂರನ್ನೂ ಬರೆದುಕೊಳ್ಳಿ. ಅವರು ತಡವರಿಸಿದಾಗ ತೋರಿಸಿಕೊಡಲು ಕೈ ಮುಂದೆ ಹೋಗುತ್ತದೆ, ತಡೆಯಿರಿ. ಆ ಹತ್ತು ಸೆಕೆಂಡಿನ ಮೌನದಲ್ಲೇ ಮುಂದಿನ ಸುತ್ತಿನ ಪ್ರಶ್ನೆ ಸಿಗುತ್ತದೆ.

ಐಡಿಯಾಗಳನ್ನು ಎಐಗೆ ಕೇಳಿದರೆ ಆಗಲ್ವಾ?

ನಿಮ್ಮ ಹಾಳೆ ತುಂಬಿದ ಮೇಲೆ ಕೇಳಿ. ಮೊದಲೇ ಕೇಳಿದರೆ ಎಲ್ಲ ತಂಡಕ್ಕೂ ಸಿಗುವ ಅದೇ ಉತ್ತರದ ಸುತ್ತ ನಿಮ್ಮ ತಲೆಯೂ ಗಿರಕಿ ಹೊಡೆಯುತ್ತದೆ. ಬಳಕೆದಾರರ ಬದಲಿಗೆ ಎಐಯನ್ನು ಕೂರಿಸಿ ಪರೀಕ್ಷೆ ಮಾಡುವುದಂತೂ ಬೇಡವೇ ಬೇಡ.

ಯಾವಾಗ ನಿಲ್ಲಿಸಬೇಕು?

ಗುರಿಯನ್ನು ಪರೀಕ್ಷೆಗೆ ಮುಂಚೆಯೇ ಬರೆದಿಡಿ: 'ಐದರಲ್ಲಿ ನಾಲ್ವರು ಯಾರನ್ನೂ ಕೇಳದೆ ಅರ್ಧ ನಿಮಿಷದೊಳಗೆ ಕಳೆದದ್ದನ್ನು ಸರಿಯಾಗಿ ಹೇಳಬೇಕು.' ಮುಟ್ಟಿದರೆ ಆ ಪ್ರಶ್ನೆ ಮುಗಿಯಿತು, ಮುಂದಿನದಕ್ಕೆ ಹೋಗಿ. ಎರಡು ಸುತ್ತಾದರೂ ಮುಟ್ಟದಿದ್ದರೆ ಪರದೆ ತಿದ್ದುವುದು ಬಿಟ್ಟು ಪ್ರಶ್ನೆಯನ್ನೇ ಬದಲಿಸಿ. ಕೈಬಿಟ್ಟ ಐಡಿಯಾಗಳನ್ನು, ಯಾಕೆ ಬಿಟ್ಟಿರಿ ಎಂಬ ಒಂದು ಸಾಲಿನ ಜೊತೆ, ಒಂದು ನೋಟ್‌ಬುಕ್‌ನಲ್ಲಿ ಇಡಿ. ಇಲ್ಲದಿದ್ದರೆ ನಾಲ್ಕನೇ ಸುತ್ತಿನಲ್ಲಿ ಅದೇ ಐಡಿಯಾ ಹೊಸ ಬಟ್ಟೆ ತೊಟ್ಟು ಬಂದು ಕೂರುತ್ತದೆ.

ನಮಗೆ ಇರುವುದು ಒಂದೇ ಸೆಮಿಸ್ಟರ್. ಹೇಗೆ ಹಂಚಿಕೊಳ್ಳುವುದು?

ಹದಿನಾರು ವಾರ ಅಂದುಕೊಂಡರೆ ಮೊದಲ ಎರಡು ವಾರ ಮಂಡಿಯಲ್ಲಿ ನೋಡುವುದಕ್ಕೆ, ಕೇಳುವುದಕ್ಕೆ. ಮುಂದಿನ ನಾಲ್ಕು ವಾರ ಕಾಗದದ ಮೇಲೆ ಎರಡು ಸುತ್ತು. ಕ್ಲಾಸು, ಇಂಟರ್ನಲ್ಸ್ ನಡುವೆ ಸುತ್ತಿಗೆ ಎರಡು ವಾರ ಬೇಕೇ ಬೇಕು. ಆಮೇಲೆ ಎರಡು ವಾರ ಫಿಗ್ಮಾದ ಸುತ್ತು. ಕೋಡಿಗೆ ಐದು ವಾರ. ಅದಾದ ಮೇಲೆ ನಿಜವಾದ ಆ್ಯಪ್ ಇಟ್ಟುಕೊಂಡು ಎರಡು ವಾರದ ಇನ್ನೊಂದು ಸುತ್ತು, ಕೊನೆಯ ವಾರ ವರದಿ. ಕೋಡಿಗೆ ಸಮಯ ಸಾಲದು ಅನ್ನಿಸಿದರೆ ಫೀಚರ್ ಒಂದನ್ನು ಬಿಡಿ, ಆ ಕೊನೆಯ ಸುತ್ತನ್ನು ಬಿಡಬೇಡಿ. ಖರ್ಚು ಹೆಚ್ಚಿಲ್ಲ: ಎ4 ಹಾಳೆ, ಅಂಟಿಸುವ ಚೀಟಿ, ನಾಲ್ಕು ದಪ್ಪ ಪೆನ್ನು, ಮೊಬೈಲಿನ ಟೈಮರ್, ಟೊಮೆಟೊ ಮಾರುಕಟ್ಟೆಗೆ ಹೋಗಿಬರುವ ಬಸ್ ಚಾರ್ಜು, ಮಾತಿಗೆ ಕೂತವರಿಗೆಲ್ಲ ಟೀ.